ತಾಯ್-ಒತೋಶಿ, ಹರಾಯ್-ಗೋಶಿ, ಉಚಿ-ಮತಾ: ಯಾವುದು ಯಾವುದು ಅಂತ ಹೆಂಗ ಗುರುತಿಸೂದು?

ಹುಬ್ಬಳ್ಳಿ ಗರಡಿಯೊಳಗ ಕುಸ್ತಿ ಆಡಿ ಬಂದು ಈಗ ಧಾರವಾಡದಾಗ ಜೂಡೋ ಕಲಿಯಾಕತ್ತೀರಿ, ಈ ಮೂರೂ ಪಟ್ಟು ವಿಡಿಯೋದಾಗ ಒಂದ ನಮೂನಿ ಕಾಣಸ್ತಾವ ಅಂತ ಕೇಳೀರಿ. ಕಾಣಸೂದು ಖರೇನ. ಮೂರರಾಗೂ ಒಗೆಯಾಂವ ಬೆನ್ನು ತಿರುಗಿಸಿ ಒಳಗ ಬರ್ತಾನ, ಎದುರಿನಾಂವ ಮುಂದಕ್ಕ ಉರುಳಿ ಚಿತ್ ಆಗ್ತಾನ. ಹಂಗಾಗಿ ಬೀಳಾಂವನ್ನ ನೋಡಿ ಉಪಯೋಗ ಇಲ್ಲ, ಒಗೆಯಾಂವನ ಟೊಂಕದ ಕೆಳಗ ನೋಡ್ರಿ. ಮುಂದ ಹೇಳೂದೆಲ್ಲಾ ಬಲಗೈ ಆಟದ ಲೆಕ್ಕ: ಎಡಗೈಯಾಗ ಎದುರಿನಾಂವನ ಬಲತೋಳಿನ ಅರಿವಿ, ಬಲಗೈಯಾಗ ಕೊರಳಪಟ್ಟಿ.

ಒಗೆಯೂ ಹೊತ್ತಿಗೆ ವಿಡಿಯೋ ನಿಂದರಿಸಿ ಅವನ ಎಷ್ಟು ಕಾಲು ನೆಲದ ಮ್ಯಾಲೆ ಅದಾವ ಎಣಸ್ರಿ. ಎರಡೂ ಊರಿದ್ರ ತಾಯ್-ಒತೋಶಿ. ಬಲಗಾಲು ಎದುರಿನಾಂವನ ಬಲಗಾಲಿನ ಮುಂದ ಅಡ್ಡ ಬಂದಿರ್ತದ, ಅದೂ ಕಣಕಾಲಿನ ಹತ್ರ, ಭಾಳ ಕೆಳಗ. ಮುಂಗಾಲು ನೆಲಕ್ಕ, ಹಿಮ್ಮಡ ಸ್ವಲ್ಪ ಮ್ಯಾಲೆ, ಮೊಣಕಾಲು ಬಾಗಿ ನೆಲದ ಕಡೆ ಮುಖ ಮಾಡಿರ್ತದ. ಒಬ್ಬನ ಟೊಂಕಕ್ಕೂ ಇನ್ನೊಬ್ಬನ ಹೊಟ್ಟಿಗೂ ನಡುವ ಜಾಗ ಇರ್ತದ. ಆ ಕಾಲು ಗುಡಿಸೂದಿಲ್ಲ, ಎತ್ತೂದಿಲ್ಲ, ಬರೇ ತಡೀತದ. ಕೆಲಸ ಎಲ್ಲಾ ಕೈದು: ಎಡಗೈ ತೋಳನ್ನ ಅಡ್ಡ ಎಳೆದು ಕೆಳಗ ಒಯ್ತದ, ಬಲಗೈ ಕೊರಳಪಟ್ಟಿ ಹಿಡಿದು ನೂಕ್ತದ. ಅದಕ್ಕ ಜೂಡೋದ ಮೂಲ ಸಂಸ್ಥೆ ಕೊಡೊಕಾನ್ ತನ್ನ 68 ಎಸೆತದ ಪಟ್ಟಿಯೊಳಗ ಇದನ್ನ ಕೈ ಎಸೆತದ ಗುಂಪಿನಾಗ ಇಟ್ಟದ.

ಒಂದ ಕಾಲಿನ ಮ್ಯಾಲೆ ನಿಂತಿದ್ರ, ಎತ್ತಿದ ಬಲಗಾಲು ಎಲ್ಲಿ ಅದ ನೋಡ್ರಿ. ಎದುರಿನಾಂವನ ಎರಡೂ ಕಾಲಿನ ಹೊರಗಿದ್ದು, ಟೊಂಕ ಅವನ ಹೊಟ್ಟಿಗೆ ಹತ್ತಿ, ತೊಡಿಯ ಹಿಂಭಾಗದಿಂದ ಅವನ ಬಲತೊಡಿ ಗುಡಿಸಿದ್ರ ಹರಾಯ್-ಗೋಶಿ. ಜೂಡೋ ಹುಟ್ಟಹಾಕಿದ ಜಿಗೊರೊ ಕಾನೋ ಉಕಿ-ಗೋಶಿ (ಕಾಲು ಎತ್ತದ ಟೊಂಕದ ಎಸೆತ) ಹಾಕುವಾಗ ಎದುರಿನಾಂವ ಟೊಂಕ ಸುತ್ತಿ ಮುಂದಕ್ಕ ಹೆಜ್ಜಿ ಇಟ್ಟು ತಪ್ಪಿಸಿಕೊಳ್ತಿದ್ದ, ಆ ಹೆಜ್ಜಿ ಮುಚ್ಚಾಕ ಈ ಕಾಲು ಸೇರಿತು ಅಂತ ಜೂಡೋದವರು ಹೇಳ್ತಾರ. ಅಂದ್ರ ಮೂಲ ಟೊಂಕ, ಕಾಲು ಆಮ್ಯಾಲಿಂದು. ಟೊಂಕ ಹತ್ತಿಲ್ಲಂದ್ರ ಅದಕ್ಕ ಆ ಹೆಸರು ಕೊಡಬ್ಯಾಡ್ರಿ.

ಕಾಲು ಅವನ ಎರಡೂ ಕಾಲಿನ ನಡುವ ಹೊಕ್ಕು ಒಳತೊಡಿ ಮ್ಯಾಲಕ್ಕ ಎತ್ತಿದ್ರ ಉಚಿ-ಮತಾ. (ಗುರಿ ತಪ್ಪಿದ್ರ ಪೆಟ್ಟು ಎಲ್ಲಿ ಬೀಳ್ತದ ಹೇಳಬೇಕಾಗಿಲ್ಲ.) ಕೊಡೊಕಾನ್ ಇದನ್ನ ಕಾಲಿನ ಎಸೆತ ಅಂತದ, ಆದ್ರ ಟೊಂಕ ಆಳಕ್ಕ ಹಾಕಿ ಆಡೋರೂ ಅದಾರ, ಅವರದು ದೂರದಿಂದ ಹರಾಯ್-ಗೋಶಿ ಅನಸ್ತದ. ಅಂಥಲ್ಲಿ ಕಾಲು ಎಲ್ಲಿ ಹೊಕ್ಕದ ಅನ್ನೂದೊಂದ ನಂಬ್ರಿ. ಮೊಣಕಾಲು ಮಡಚಿ, ಟೊಂಕಾ ಕಾಲು ಕೂಡಿ ಚಿಮ್ಮಿಸಿದ್ರ ಮಾತ್ರ ಅದು ಹನೆ-ಗೋಶಿ ಅನ್ನೋ ಬ್ಯಾರೆ ಎಸೆತ.

ನೀವು ಕೇಳದಿದ್ರೂ ಖರೇ ತೊಡಕು ಆಶಿ-ಗುರುಮಾ ಅನ್ನೋ ಇನ್ನೊಂದು ಎಸೆತದ್ದು. ಇಲ್ಲಿಯೂ ಒಂದ ಕಾಲಿನ ಮ್ಯಾಲೆ ನಿಂತು, ಇನ್ನೊಂದನ್ನ ನೆಟ್ಟಗ ಚಾಚಿ ಎದುರಿನಾಂವನ ಮೊಣಕಾಲಿನ ಹತ್ರ ಅಡ್ಡ ಇಡ್ತಾರ. ಗುಡಿಸೂದಿಲ್ಲ, ಟೊಂಕ ಹತ್ತೂದಿಲ್ಲ. ಅವನು ಆ ಕಾಲಿನ ಸುತ್ತ ತಿರುಗಿ ಬೀಳ್ತಾನ. ಕಾಲು ಇನ್ನೂ ಮ್ಯಾಲೆ, ತೊಡಿ ಬುಡಕ್ಕ ಅಡ್ಡ ಬಂದ್ರ ಓ-ಗುರುಮಾ. ಸ್ಪರ್ಧಾದಾಗ ಹರಾಯ್-ಗೋಶಿಗೆ ಹೋಗಿ, ಟೊಂಕ ತಡಾ ಆಗಿ, ಅರ್ಧ ಆಶಿ-ಗುರುಮಾ ಆಗೂದು ಭಾಳ. ಅಂಥದ್ದರ ಹೆಸರಿಗೆ ವಾದ ಹಾಕೂದು ವ್ಯರ್ಥ. ರೆಫರಿ ಪಾಯಿಂಟ್ ಕೊಡೂದು ಹೆಂಗ ಬಿದ್ದ ಅನ್ನೂದಕ್ಕ.

ಕುಸ್ತಿಯಿಂದ ಬಂದವರಿಗೆ ಕೆಡೂದು ತಾಯ್-ಒತೋಶಿ. ಧಾಕ್ (ಕುಸ್ತಿಯ ಟೊಂಕದ ಪಟ್ಟು) ಹಾಕಿದ ರೂಢಿಗೆ ಟೊಂಕ ತಾನ ಒಳಗ ಹೋಗ್ತದ. ಆಗ ಭಾರ ಎಡಗಾಲಿಗೆ ಬೀಳ್ತದ, ಬಲಗಾಲು ಪೂರಾ ಅಡ್ಡ ಬರೂದಿಲ್ಲ. ಎದುರಿನಾಂವ ಅದನ್ನ ದಾಟಿ ಬರ್ತಾನ, ಇಲ್ಲಾ ಹಿಂದಿನಿಂದ ತೆಕ್ಕಿ ಹಾಕಿ ಎತ್ತಿ ಒಗೀತಾನ. ತಿರುಗಿ ನಿಂತಾಗ ಮೂರನೇದಾಂವ ನಿಮ್ಮ ಕುಂಡಿ ಮತ್ತ ಜೋಡಿದಾರನ ಹೊಟ್ಟಿ ನಡುವ ಅಂಗೈ ತೂರಿಸಿ ನೋಡಲಿ. ಹೋಗಲಿಲ್ಲಂದ್ರ ಮುಂದಿನ ಸಲ ಅರ್ಧ ಹೆಜ್ಜಿ ದೂರ ತಿರುಗ್ರಿ. ಕಾಲು ಉದ್ದ ಚಾಚಬೇಕಂತ ಮೊಣಕಾಲು ಮಾತ್ರ ನೆಟ್ಟಗ ಬಿಗಿ ಹಿಡಿಬ್ಯಾಡ್ರಿ, ಅವನ ಭಾರ ಮಗ್ಗಲದಿಂದ ಅದರ ಮ್ಯಾಲೆ ಬಿದ್ರ ಲಿಗಮೆಂಟ್ ಹರಿಯೂ ಸಾಧ್ಯತಾ ಅದ.