ಈಗಲ್ಸ್ ಆದ ಮೇಲೆ ಏನು ಕೇಳಬೇಕು? ರೆಕಾರ್ಡಿನ ಹಿಂದಿರುವ ಹೆಸರುಗಳನ್ನು ಓದಿ

ಈಗಲ್ಸ್, ಸಿಸಿಆರ್ (ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್), ನೀಲ್ ಯಂಗ್ ಎಲ್ಲ ಕೇಳಿ ಆಗಿದೆ, ಯಾವ ಪಟ್ಟಿ ತೆಗೆದರೂ ಅದೇ ಹತ್ತು ಆಲ್ಬಮ್ ಬರುತ್ತವೆ, ಜನ ಗಮನಿಸದೇ ಬಿಟ್ಟ ಒಳ್ಳೆಯ ಕಂಟ್ರಿ ರಾಕ್ (ಅಮೆರಿಕದ ಹಳ್ಳಿ ಕಡೆಯ ಕಂಟ್ರಿ ಸಂಗೀತ ಮತ್ತು ರಾಕ್ ಬೆರೆತದ್ದು) ಆಲ್ಬಮ್‌ಗಳನ್ನು ಹುಡುಕುವುದು ಹೇಗೆ ಅಂತ ಕೇಳಿದ್ದೀರಿ.

ಪಟ್ಟಿಗಳನ್ನು ಬಿಟ್ಟುಬಿಡಿ. ನಿಮಗೆ ಈಗಾಗಲೇ ತುಂಬಾ ಇಷ್ಟವಾದ ಒಂದು ಆಲ್ಬಮ್ ತೆಗೆದುಕೊಂಡು ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಹೆಸರುಗಳನ್ನು ಓದಿ. ಹಾಡು ಬರೆದವರು ಯಾರು, ಬ್ಯಾಂಜೋ ಯಾರದು, ಸ್ಟೀಲ್ ಗಿಟಾರ್ ಯಾರದು. ಅದರಲ್ಲಿ ನಿಮಗೆ ಗೊತ್ತಿಲ್ಲದ ಒಂದು ಹೆಸರು ಇದ್ದೇ ಇರುತ್ತದೆ. ಆ ಹೆಸರಿನ ಹಿಂದೆ ಹೋಗಿ. ನನಗೆ ಸಿಕ್ಕಿದ್ದೆಲ್ಲ ಹೀಗೇ ಸಿಕ್ಕಿದ್ದು.

ನನ್ನ ದಾರಿ ಹೇಳುತ್ತೇನೆ, ನಿಮಗೂ ಈಗಲ್ಸ್ ಇಷ್ಟ ಅಂದಿದ್ದೀರಲ್ಲ. ಮೈಸೂರಿನಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ ಅವರ ಕ್ಯಾಸೆಟ್‌ಗಳಿದ್ದವು. ನಾನು ಮೊದಲು ಹಚ್ಚಿಕೊಂಡಿದ್ದು 1972ರ ಅವರ ಮೊದಲ ಆಲ್ಬಮ್. ಅದರಲ್ಲಿ ಎಲ್ಲರಿಗೂ ಗೊತ್ತಿರುವುದು 'ಟೇಕ್ ಇಟ್ ಈಸಿ'. ನನಗೆ ಹಿಡಿಸಿದ್ದು 'ಟ್ರೇನ್ ಲೀವ್ಸ್ ಹಿಯರ್ ದಿಸ್ ಮಾರ್ನಿಂಗ್'. ಅವಸರವೇ ಇಲ್ಲದ, ಸುಮ್ನೆ ಮಾತಾಡಿದ ಹಾಗಿರುವ ಹಾಡು. ಕ್ಯಾಸೆಟ್ ಒಳಗಿನ ಕಾಗದದಲ್ಲಿ ಆ ಹಾಡಿನ ಮುಂದೆ ಎರಡು ಹೆಸರಿದ್ದವು. ಒಂದು ಬರ್ನಿ ಲೆಡನ್, ಅವರು ಆ ಬ್ಯಾಂಡಿನವರೇ. ಇನ್ನೊಂದು ಜೀನ್ ಕ್ಲಾರ್ಕ್. ಈಗಲ್ಸ್‌ನಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಯಾರಿವರು ಅಂತ ತಿಳಿಯುವುದಕ್ಕೆ ನನಗೆ ವರ್ಷಗಳೇ ಹಿಡಿದವು, ಮನೆಗೆ ಇಂಟರ್‌ನೆಟ್ ಬಂದ ಮೇಲೆಯೇ ಗೊತ್ತಾಗಿದ್ದು.

ಜೀನ್ ಕ್ಲಾರ್ಕ್ ಅಮೆರಿಕದ ಮಿಸೌರಿ ರಾಜ್ಯದ ಟಿಪ್ಟನ್ ಅನ್ನುವ ಊರಿನವರು. 'ದಿ ಬರ್ಡ್ಸ್' ಬ್ಯಾಂಡ್ ಕಟ್ಟಿದವರಲ್ಲಿ ಒಬ್ಬರು, ಶುರುವಿನಲ್ಲಿ ಆ ಬ್ಯಾಂಡಿಗೆ ಜಾಸ್ತಿ ಹಾಡು ಬರೆದವರೂ ಅವರೇ. ವಿಮಾನ ಹತ್ತುವುದೆಂದರೆ ಅವರಿಗೆ ಭಯ. ಊರೂರು ಸುತ್ತಿ ಹಾಡಬೇಕಾದ ಬ್ಯಾಂಡಿನಲ್ಲಿ ಇಂಥ ಭಯ ಇಟ್ಟುಕೊಂಡು ಇರುವುದು ಎಷ್ಟು ಕಷ್ಟ ಯೋಚಿಸಿ. ಒಳಗಿನ ಬೇರೆ ಒತ್ತಡಗಳೂ ಇದ್ದವು. 1966ರ ಶುರುವಿನಲ್ಲೇ ಅವರು ಹೊರಗೆ ಬಂದರು.

ಎರಡು ವರ್ಷ ಆದ ಮೇಲೆ, 1968ರಲ್ಲಿ, ಬ್ಯಾಂಜೋ ವಾದಕ ಡಗ್ ಡಿಲ್ಲರ್ಡ್ ಜೊತೆ ಸೇರಿ 'ದಿ ಫೆಂಟಾಸ್ಟಿಕ್ ಎಕ್ಸ್‌ಪೆಡಿಷನ್ ಆಫ್ ಡಿಲ್ಲರ್ಡ್ ಅಂಡ್ ಕ್ಲಾರ್ಕ್' ಅನ್ನುವ ಆಲ್ಬಮ್ ಮಾಡಿದರು. ಬರ್ನಿ ಲೆಡನ್ ಇದರಲ್ಲಿದ್ದಾರೆ. ಆ ರೈಲಿನ ಹಾಡು ಮೊದಲು ಬಂದಿದ್ದೂ ಇದರಲ್ಲೇ! ಅಂದರೆ ಈಗಲ್ಸ್ ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ ಈಗಲ್ಸ್ ಶೈಲಿಯ ಹಾಡು ಇಲ್ಲಿ ಸಿದ್ಧವಾಗಿತ್ತು. ಬ್ಯಾಂಜೋ, ಮ್ಯಾಂಡೊಲಿನ್, ಮೂರು ಕಂಠಗಳು ಸೇರಿ ಹಾಡುವ ರೀತಿ, ಎಲ್ಲವೂ ಇದೆ. ಹಾಡುಗಳಲ್ಲಿ ಮಾತ್ರ ಈಗಲ್ಸ್‌ನ ಹೊಳಪಿಲ್ಲ. ಪಕ್ಕದ ಕೋಣೆಯಲ್ಲಿ ಕೂತು ನುಡಿಸಿದ ಹಾಗೆ ಕೇಳುತ್ತದೆ. ನನಗೆ ಅದೇ ಇಷ್ಟ. ಆಗ ಇದು ಮಾರಾಟವಾಗಲಿಲ್ಲ.

1969ರಲ್ಲಿ ಬಂದ ಈ ಜೋಡಿಯ ಎರಡನೇ ಆಲ್ಬಮ್ ಮೊದಲನೆಯದರಷ್ಟು ಗಟ್ಟಿಯಿಲ್ಲ. ಆದರೆ ನಿಮಗೆ ಲೆಡ್ ಜೆಪ್ಪೆಲಿನ್ ಬ್ಯಾಂಡ್ ಇಷ್ಟವಿದ್ದರೆ ಒಂದು ವಿಷಯ ಹೇಳಬೇಕು. ಅದರ ಗಾಯಕ ರಾಬರ್ಟ್ ಪ್ಲಾಂಟ್ ಮತ್ತು ಗಾಯಕಿ ಆಲಿಸನ್ ಕ್ರಾಸ್ 2007ರಲ್ಲಿ ಮಾಡಿದ 'ರೇಸಿಂಗ್ ಸ್ಯಾಂಡ್', ಮುಂದೆ ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಗೆದ್ದಿತಲ್ಲ, ಅದರಲ್ಲಿ ಜೀನ್ ಕ್ಲಾರ್ಕ್ ಬರೆದ ಎರಡು ಹಾಡುಗಳಿವೆ. ಎರಡೂ ಡಿಲ್ಲರ್ಡ್-ಕ್ಲಾರ್ಕ್ ಜೋಡಿಯ ಈ ಎರಡನೇ ಆಲ್ಬಮ್ಮಿನವೇ. ನೀವು ಬಹುಶಃ ಅವರ ಹೆಸರು ಗೊತ್ತಿಲ್ಲದೇ ಅವರ ಹಾಡು ಕೇಳಿರುತ್ತೀರಿ.

ಈಗ ನಿಮಗೆ ನಿಜವಾಗಿ ಹೇಳಬೇಕಾದ ಆಲ್ಬಮ್ಮಿಗೆ ಬರುತ್ತೇನೆ. ಕ್ಲಾರ್ಕ್ ಅವರ 'ನೋ ಅದರ್', 1974.

ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ, ಮೆಂಡೊಸಿನೊ ಕಡೆಯ ಕಡಲತೀರದಲ್ಲಿ ಅವರು ಆಗ ಇದ್ದರು. ಕಿಟಕಿಯಾಚೆ ಸಮುದ್ರ ನೋಡುತ್ತಾ ಈ ಹಾಡುಗಳನ್ನು ಬರೆದರು. ಧ್ವನಿಮುದ್ರಣ ಆಗಿದ್ದು ಲಾಸ್ ಏಂಜಲೀಸ್‌ನಲ್ಲಿ, ನಿರ್ಮಾಪಕ ಥಾಮಸ್ ಜೆಫರ್ಸನ್ ಕೇ. ಆ ಊರಿನ ದೊಡ್ಡ ದೊಡ್ಡ ಸ್ಟುಡಿಯೋ ವಾದಕರು ಬಂದರು, ಒಂದರ ಮೇಲೊಂದು ಕಂಠ ಸೇರಿಸಿದರು, ಕಂಟ್ರಿ ಜೊತೆ ಚರ್ಚಿನ ಗಾಸ್ಪೆಲ್ ಬಂತು, ಕುಣಿಸುವ ಫಂಕ್ ಬಂತು, ಖರ್ಚು ಒಂದು ಲಕ್ಷ ಡಾಲರ್ ದಾಟಿತು, ಕೊನೆಗೆ ರೆಕಾರ್ಡ್ ಕಂಪನಿಯ ಕೈಗೆ ಬಂದಿದ್ದು ಎಂಟೇ ಹಾಡು. ಅಸೈಲಮ್ ಕಂಪನಿಗೆ ಇದು ರುಚಿಸಲಿಲ್ಲ. ಪ್ರಚಾರ ಹೆಚ್ಚು ಮಾಡಲಿಲ್ಲ. ಎರಡು ವರ್ಷದೊಳಗೆ ಆಲ್ಬಮ್ ಅಂಗಡಿಗಳಿಂದ ಮಾಯ. ಈಗಲ್ಸ್ ಕೂಡ ಅದೇ ಅಸೈಲಮ್ ಕಂಪನಿಯವರು ಅನ್ನುವುದನ್ನು ಗಮನಿಸಿ. ಒಂದೇ ವರ್ಷ, ಒಂದೇ ಕಂಪನಿ. ಈಗಲ್ಸ್ ಹಾಡು ರೇಡಿಯೋದಲ್ಲಿ ಓಡುತ್ತಿತ್ತು, ಅವರಿಗೂ ಮೊದಲು ಈ ದಾರಿ ತುಳಿದವರ ಆಲ್ಬಮ್ ಗೋದಾಮಿನಲ್ಲಿ ಕೂತಿತ್ತು. ಇದನ್ನು ಓದಿದ ದಿನ ನನಗೆ ನಿಜಕ್ಕೂ ಬೇಜಾರಾಯಿತು.

ಕ್ಲಾರ್ಕ್ 1991ರಲ್ಲಿ ತೀರಿಕೊಂಡರು. ವಯಸ್ಸು ಕೇವಲ 46. ಈ ಆಲ್ಬಮ್ ಮರಳಿ ಬಂದಿದ್ದನ್ನು ಅವರು ನೋಡಲಿಲ್ಲ. 2003ರಲ್ಲಿ ಮರುಬಿಡುಗಡೆ ಆಯಿತು. 2014ರಲ್ಲಿ ಬೀಚ್ ಹೌಸ್, ಫ್ಲೀಟ್ ಫಾಕ್ಸಸ್, ಗ್ರಿಜ್ಲಿ ಬೇರ್ ಬ್ಯಾಂಡುಗಳ ಕಲಾವಿದರು ಸೇರಿ ಇಡೀ ಆಲ್ಬಮ್ಮನ್ನು ವೇದಿಕೆಯಲ್ಲಿ ಹಾಡಿದರು. 2019ರಲ್ಲಿ 4ಎಡಿ ಕಂಪನಿ ದೊಡ್ಡದಾಗಿ ಮತ್ತೆ ತಂದಿತು.

ಮೊದಲ ಸಲ ಕೇಳಿದಾಗ ನನಗೆ ಇದು ಅರ್ಥವಾಗಲಿಲ್ಲ. ಜಾಸ್ತಿ ಆಯಿತು ಅನ್ನಿಸಿತು. ಅಷ್ಟೊಂದು ಕಂಠಗಳು, ಅಷ್ಟೊಂದು ವಾದ್ಯ. ಆಮೇಲೆ ಒಂದು ರಾತ್ರಿ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು 'ಸ್ಟ್ರೆಂಗ್ತ್ ಆಫ್ ಸ್ಟ್ರಿಂಗ್ಸ್' ಕೇಳಿದೆ. ಸಂಗೀತ ಮನುಷ್ಯನೊಳಗೆ ಏನು ಮಾಡುತ್ತದೆ ಅನ್ನುವುದರ ಬಗ್ಗೆಯೇ ಇರುವ ಹಾಡು ಅದು. ಮಾತು ಶುರುವಾಗುವುದಕ್ಕೆ ತುಂಬಾ ಮೊದಲೇ ಕಂಠಗಳು ಬರೀ ಸ್ವರ ಹಿಡಿದು ಅಲೆಯ ಹಾಗೆ ಏರುತ್ತವೆ. ಹೊರಗೆ ಶಿರಾಡಿ ಘಾಟಿಯ ಕತ್ತಲು. ಆ ರಾತ್ರಿ ಅದೊಂದನ್ನೇ ನಾಲ್ಕೈದು ಸಲ ಕೇಳಿದೆ. ಅದಕ್ಕೇ ನಿಮಗೆ ಹೇಳುವುದು, ಇಂಥ ಆಲ್ಬಮ್ಮನ್ನು ಒಂದು ಸಲ ಕೇಳಿ ಪಕ್ಕಕ್ಕಿಡಬೇಡಿ. ಮೂರು ಸಲ ಕೊಡಿ. ಅದರಲ್ಲಿ ಒಂದು ಸಲ ರಾತ್ರಿ, ಬೇರೆ ಏನೂ ಮಾಡದೇ.

ಇನ್ನೊಂದು ದಾರಿ ವಾದ್ಯದ ಹಿಂದೆ ಹೋಗುವುದು. ಕಂಟ್ರಿ ರಾಕ್‌ನಲ್ಲಿ ಅಳುವ ಹಾಗೆ, ಜಾರುವ ಹಾಗೆ ಕೇಳುವ ಸದ್ದು ಇದೆಯಲ್ಲ, ಅದು ಪೆಡಲ್ ಸ್ಟೀಲ್. ಮೇಜಿನ ಹಾಗೆ ಮಲಗಿಸಿದ ಗಿಟಾರ್. ಎಡಗೈಯಲ್ಲಿ ಉಕ್ಕಿನ ಸರಳು ಹಿಡಿದು ತಂತಿಗಳ ಮೇಲೆ ಜಾರಿಸುತ್ತಾರೆ, ಬಲಗೈ ಮೀಟುತ್ತದೆ, ಕಾಲಿನ ಪೆಡಲ್ ಮತ್ತು ಮೊಣಕಾಲಿನ ಲಿವರ್ ತಂತಿಯ ಶ್ರುತಿಯನ್ನೇ ಏರಿಸಿ ಇಳಿಸುತ್ತವೆ. ಒಂದು ತಂತಿ ಮೇಲೇರುವಾಗ ಪಕ್ಕದ್ದು ಅಲ್ಲೇ ನಿಂತಿರುತ್ತದೆ. ನಮ್ಮ ಕಿವಿಗೆ ಇದು ಹೊಸದಲ್ಲ. ಗಮಕಗಳಲ್ಲಿ ಜಾರು ಕೇಳಿ ಬೆಳೆದವರು ನಾವು. ಆರ್ಕೆಸ್ಟ್ರಾಗಳಲ್ಲಿ ಸಿನಿಮಾ ಹಾಡು ನುಡಿಸುತ್ತಿದ್ದ ಹವಾಯಿಯನ್ ಗಿಟಾರ್ ಮತ್ತು ಈ ಪೆಡಲ್ ಸ್ಟೀಲ್ ಒಂದೇ ಮನೆತನದವು, ಎರಡರ ಮೂಲವೂ ಹವಾಯಿ ದ್ವೀಪಗಳೇ. ನಮ್ಮ ಅಮ್ಮನಿಗೆ ಇಂಗ್ಲಿಷ್ ಹಾಡು ಹಿಡಿಸುವುದಿಲ್ಲ, ಆದರೆ ಪೆಡಲ್ ಸ್ಟೀಲ್ ಬಂದ ತಕ್ಷಣ ಕೆಲಸ ನಿಲ್ಲಿಸಿ ಕೇಳುತ್ತಾರೆ.

ಈ ವಾದ್ಯಕ್ಕಾಗಿ ಎರಡು ಆಲ್ಬಮ್ ಕೇಳಿ. ಮೊದಲನೆಯದು ಫ್ಲೈಯಿಂಗ್ ಬರಿಟೊ ಬ್ರದರ್ಸ್ ಅವರ 1969ರ 'ದಿ ಗಿಲ್ಡೆಡ್ ಪ್ಯಾಲೇಸ್ ಆಫ್ ಸಿನ್'. ಇದರ ಬಗ್ಗೆ ಈಗ ತುಂಬಾ ಜನ ಬರೆದಿದ್ದಾರೆ, ಆ ಬ್ಯಾಂಡಿನ ಗಾಯಕ ಗ್ರಾಮ್ ಪಾರ್ಸನ್ಸ್ ಹೆಸರು ದೊಡ್ಡದಾಗಿದೆ, ಹಾಗಾಗಿ ಪೂರ್ತಿ ಮರೆತದ್ದು ಅನ್ನಲಾರೆ. ಆದರೆ ನೀವು ಹಾಡಿನ ಹಿಂದೆ ಬರುವ 'ಸ್ನೀಕಿ' ಪೀಟ್ ಕ್ಲೈನೋ ಅವರ ಸ್ಟೀಲನ್ನು ಕೇಳಿ. ಅವರು ಅದನ್ನು ಫಜ್ ಅನ್ನುವ, ಸದ್ದನ್ನು ಒರಟು ಮಾಡುವ ಸಾಧನಕ್ಕೆ ಹಾಕಿ ರಾಕ್ ಗಿಟಾರಿನ ಹಾಗೆ ಗರ್ಜಿಸುವಂತೆ ಮಾಡುತ್ತಾರೆ. ಇದೇ ಮನುಷ್ಯ ಬೊಂಬೆಗಳನ್ನು ಚೂರುಚೂರೇ ಸರಿಸಿ ಚಿತ್ರ ತೆಗೆಯುವ ಆನಿಮೇಷನ್ ಕೆಲಸವನ್ನೂ ಮಾಡುತ್ತಿದ್ದರು, ಹಾಲಿವುಡ್ಡಿನ ದೊಡ್ಡ ಚಿತ್ರಗಳಿಗೂ ಮಾಡಿದ್ದಾರೆ.

ಎರಡನೆಯದು ನಿಜಕ್ಕೂ ಮರೆತ ಆಲ್ಬಮ್. ಮೈಕಲ್ ನೆಸ್ಮಿತ್ ಅವರ 'ಅಂಡ್ ದ ಹಿಟ್ಸ್ ಜಸ್ಟ್ ಕೀಪ್ ಆನ್ ಕಮಿಂಗ್', 1972. ನೆಸ್ಮಿತ್ ಒಂದು ಟಿವಿ ಧಾರಾವಾಹಿಗಾಗಿಯೇ ಕಟ್ಟಿದ 'ಮಂಕೀಸ್' ಬ್ಯಾಂಡಿನವರು. ಹಾಗಾಗಿಯೇ ರಾಕ್ ಕೇಳುವವರು ಅವರನ್ನು ತೂಕಕ್ಕೆ ತೆಗೆದುಕೊಳ್ಳಲಿಲ್ಲ, ಇದು ದೊಡ್ಡ ಅನ್ಯಾಯ. (ಕಚೇರಿಗಳಲ್ಲಿ ತಪ್ಪು ಅಳಿಸಲು ಬಳಿಯುವ ವೈಟ್ನರ್ ಇದೆಯಲ್ಲ, ಆ ತರಹದ್ದನ್ನು ಮೊದಲು ಮಾಡಿ ಮಾರಿದವರು ಇವರ ತಾಯಿ ಬೆಟ್ ನೆಸ್ಮಿತ್ ಗ್ರಹಾಂ.) ಈ ಆಲ್ಬಮ್ಮಿನಲ್ಲಿ ಇರುವುದು ಇಬ್ಬರೇ. ನೆಸ್ಮಿತ್ ಕಂಠ ಮತ್ತು ಗಿಟಾರ್, ರೆಡ್ ರೋಡ್ಸ್ ಪೆಡಲ್ ಸ್ಟೀಲ್. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಗಾಯಕಿ ಲಿಂಡಾ ರಾನ್‌ಸ್ಟಾಟ್ ಅವರನ್ನು 1967ರಲ್ಲಿ ಜನಕ್ಕೆ ಪರಿಚಯಿಸಿದ 'ಡಿಫರೆಂಟ್ ಡ್ರಮ್' ನೆಸ್ಮಿತ್ ಬರೆದದ್ದು, ಅದನ್ನು ನೆಸ್ಮಿತ್ ಅವರೇ ಇಲ್ಲಿ ಹಾಡಿದ್ದಾರೆ. ಕಂಠ ನಿಲ್ಲಿಸಿದ ಕಡೆಯಿಂದ ಸ್ಟೀಲ್ ಮಾತು ಮುಂದುವರಿಸುತ್ತದೆ. ನಮ್ಮಲ್ಲಿ ಹಾಡುಗಾರರ ಹಿಂದೆ ಪಿಟೀಲು ಹೋಗುವ ಹಾಗೆ.

ಟೆಕ್ಸಸ್‌ನ ಲಬ್ಬಕ್ ಊರಿನ 'ಫ್ಲ್ಯಾಟ್‌ಲ್ಯಾಂಡರ್ಸ್' ಬ್ಯಾಂಡನ್ನೂ ಕೇಳಿ. 1972ರಲ್ಲಿ ನ್ಯಾಶ್‌ವಿಲ್‌ಗೆ ಹೋಗಿ ಹಾಡಿದರು, ಆಲ್ಬಮ್ 8 ಟ್ರ್ಯಾಕ್ ಅನ್ನುವ ಆ ಕಾಲದ ಟೇಪಿನಲ್ಲಷ್ಟೇ ಬಂತು, ಅದು ಯಾರ ಕಿವಿಗೂ ಬೀಳಲಿಲ್ಲ. 1990ರ ಮರುಬಿಡುಗಡೆಯ ಹೆಸರೇ 'ಮೋರ್ ಎ ಲೆಜೆಂಡ್ ದ್ಯಾನ್ ಎ ಬ್ಯಾಂಡ್'. ಅದರಲ್ಲಿ ಬಡಗಿಗಳ ಗರಗಸವನ್ನು ಕಮಾನಿನಿಂದ ನುಡಿಸಿದ್ದಾರೆ. ದೂರದಲ್ಲಿ ಯಾರೋ ಹೆಂಗಸು ಹಾಡಿದ ಹಾಗೆ ಕೇಳುತ್ತದೆ.

ಇವು ಆ್ಯಪ್‌ಗಳಲ್ಲಿ, ಯೂಟ್ಯೂಬ್‌ನಲ್ಲಿ ಸಿಗುತ್ತವೆ, ಎಲ್‌ಪಿಗೆ ದುಡ್ಡು ಸುರಿಯುವ ಅಗತ್ಯ ಇಲ್ಲ. ಒಂದೇ ತೊಂದರೆ, ಆ್ಯಪ್‌ನಲ್ಲಿ ವಾದಕರ ಹೆಸರುಗಳು ಸರಿಯಾಗಿ ಇರುವುದಿಲ್ಲ. ಅದಕ್ಕೆ ಡಿಸ್ಕಾಗ್ಸ್ ಅನ್ನುವ ಜಾಲತಾಣ ನೋಡಿ, ಹಳೇ ರೆಕಾರ್ಡುಗಳ ಹಿಂಬದಿಯ ಫೋಟೊಗಳನ್ನೇ ಜನ ಹಾಕಿದ್ದಾರೆ.

ನಾನು ಈಗ ಹಿಂದೆ ಹೋಗುತ್ತಿರುವ ಹೆಸರು ಜೆಸ್ಸಿ ಎಡ್ ಡೇವಿಸ್. 'ನೋ ಅದರ್'ನಲ್ಲಿ ಗಿಟಾರ್ ನುಡಿಸಿದವರಲ್ಲಿ ಒಬ್ಬರು. ಒಕ್ಲಹೋಮದ ಮೂಲನಿವಾಸಿ ಕುಟುಂಬದವರು. 1971ರಲ್ಲಿ ನ್ಯೂಯಾರ್ಕಿನಲ್ಲಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶಕ್ಕಾಗಿ ಮಾಡಿದ ಕಛೇರಿಯ ವೇದಿಕೆಯಲ್ಲೂ ಇದ್ದರು, ಆ ಸಿನಿಮಾವನ್ನು ನಾನು ಎಷ್ಟೋ ಸಲ ನೋಡಿದ್ದರೂ ಇವರನ್ನು ಗಮನಿಸಿಯೇ ಇರಲಿಲ್ಲ. 1972ರಲ್ಲಿ 'ಉಲುಲು' ಅನ್ನುವ ಸ್ವಂತ ಆಲ್ಬಮ್ ಮಾಡಿದ್ದಾರೆ. ಎರಡು ಸಲ ಕೇಳಿದ್ದೇನೆ. ಮೂರನೆಯದು ಇವತ್ತು ರಾತ್ರಿಗೆ ಇಟ್ಟುಕೊಂಡಿದ್ದೇನೆ.