ಖಾರಾ ಬಿಸ್ಕತ್ತಿನಿಂದಲೇ ಆರಂಭಿಸಿ

ಪುಣೆಗೆ ಹೊಸದಾಗಿ ಬಂದಿದ್ದೀರಿ, ಮನೆಯಲ್ಲೇ ಕುಕೀ ಮಾಡಿ ಮಾರಬೇಕೆಂದು ಹನ್ನೆರಡು ರುಚಿಗಳ ಪಟ್ಟಿ ಹಾಕಿಕೊಂಡಿದ್ದೀರಿ, ಅವುಗಳಲ್ಲಿ ಯಾವುದಕ್ಕೆ ಬೇಡಿಕೆ ಇದೆ ಎಂದು ಕೇಳಿದ್ದೀರಿ. ಕೊಥ್ರೂಡ್‌ನಲ್ಲಿ ಆರು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವವಳಾಗಿ ಹೇಳುತ್ತೇನೆ: ಒಂಬತ್ತನ್ನು ಈಗಲೇ ಹೊಡೆದುಹಾಕಿ. ಖಾರಾ ಬಿಸ್ಕತ್ತು, ತುಪ್ಪದ ನಾನ್‌ಖಟಾಯಿ, ಮಕ್ಕಳಿಗೆಂದು ಒಂದು ಚಾಕೊಲೇಟ್ ಕುಕೀ, ಇಷ್ಟು ಸಾಕು.

ನಿಮ್ಮ ಪಟ್ಟಿಯ ಮೊದಲ ಹೆಸರು ಶ್ರೂಸ್‌ಬರಿ ಎಂಬ ಬೆಣ್ಣೆ ಬಿಸ್ಕತ್ತು. ಅದನ್ನು ದಯವಿಟ್ಟು ಬಿಟ್ಟುಬಿಡಿ. ಪುಣೆಯ ಕ್ಯಾಂಪ್ ಬಡಾವಣೆಯ ಈಸ್ಟ್ ಸ್ಟ್ರೀಟ್‌ನಲ್ಲಿ ಕಯಾನಿ ಬೇಕರಿ 1955ರಿಂದ ಇದೆ. ಊರಿಗೆ ಹೊರಟವರು ಅಲ್ಲಿ ಸಾಲಿನಲ್ಲಿ ನಿಂತು ಶ್ರೂಸ್‌ಬರಿ ಕಟ್ಟಿಸಿಕೊಂಡು ಹೋಗುತ್ತಾರೆ. ಆ ರುಚಿಯೊಂದಿಗೇ ಬೆಳೆದ ನಾಲಗೆಗಳಿಗೆ ನೀವು ಏನು ಕೊಟ್ಟರೂ ಅದರೊಂದಿಗೇ ಹೋಲಿಸಿ ನೋಡುತ್ತಾರೆ.

ಖಾರಾ ಬಿಸ್ಕತ್ತಿನ ವಿಷಯ ಹಾಗಲ್ಲ. ಅಯ್ಯಂಗಾರ್ ಬೇಕರಿ ಎಂಬ ಫಲಕ ಪುಣೆಯಲ್ಲೂ ಅಲ್ಲಲ್ಲಿ ಕಾಣುತ್ತದೆ, ನಿಜ. ಆದರೆ ಹಸಿಮೆಣಸು, ಕರಿಬೇವು, ಕೊತ್ತಂಬರಿ ಸೊಪ್ಪು ಹೆಚ್ಚಿ ಹಾಕಿ ಅಂದೇ ಬೇಯಿಸಿದ ಬಿಸ್ಕತ್ತಿನ ಘಮವೇ ಬೇರೆ. ಒಂದು ಎಚ್ಚರಿಕೆ: ಇಲ್ಲಿ 'ಖಾರಿ' ಎಂದರೆ ಪದರ ಪದರವಾಗಿ ಉದುರುವ, ಚಹಾದಲ್ಲಿ ಅದ್ದಿ ತಿನ್ನುವ ಬಿಸ್ಕತ್ತು. ಮರಾಠಿಯಲ್ಲಿ 'ಖಾರಟ್' ಎಂದರೆ ಉಪ್ಪುಪ್ಪು. ನಮ್ಮ ಖಾರಕ್ಕೆ ಅವರು ಹೇಳುವುದು 'ತಿಖಟ್'. ಮೊದಲ ವಾರ ನಾನು ಡಬ್ಬಿಯ ಮೇಲೆ ಬರೀ 'ಖಾರಾ' ಎಂದು ಬರೆದಿದ್ದೆ. ಎದುರುಮನೆಯ ಅಜ್ಜಿ ಪದರವನ್ನು ಹುಡುಕುತ್ತಾ ಕಚ್ಚಿ, ಮೆಣಸಿನ ಚೂರು ಸಿಕ್ಕೊಡನೆ ಬೆಚ್ಚಿ ನನ್ನ ಮುಖ ನೋಡಿದರು. ಮರುಕ್ಷಣವೇ ಇನ್ನೊಂದಕ್ಕೆ ಕೈ ಚಾಚಿದರು! ಈಗ ಪ್ರತಿ ಶನಿವಾರ ಅವರಿಗೆ ಅರ್ಧ ಕಿಲೋ ತಪ್ಪದೆ ಹೋಗುತ್ತದೆ.

ಮಾಡುವಾಗ ಸೊಪ್ಪನ್ನೂ ಮೆಣಸನ್ನೂ ತೊಳೆದು, ಬಟ್ಟೆಯಲ್ಲಿ ಒತ್ತಿ ನೀರಿನ ಪಸೆ ಪೂರ್ತಿ ತೆಗೆಯಿರಿ. ತೇವ ಉಳಿದರೆ ಬಿಸ್ಕತ್ತು ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಒಂದು ಚಮಚ ಸಕ್ಕರೆಯನ್ನು ಮರೆಯಬೇಡಿ, ಖಾರಕ್ಕೆ ಹದ ಬರುವುದು ಅದರಿಂದಲೇ. ಹಿಟ್ಟನ್ನು ಉರುಳೆ ಮಾಡಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕತ್ತರಿಸಿದರೆ ಅಂಚು ಚೆನ್ನಾಗಿ ನಿಲ್ಲುತ್ತದೆ.

ನಾನ್‌ಖಟಾಯಿಗೆ ತುಪ್ಪವೇ ಆಗಬೇಕು. ಬೆಣ್ಣೆಯಲ್ಲಿ ಸುಮಾರು ಶೇ. 16ರಷ್ಟು ನೀರಿರುತ್ತದೆ. ಆ ನೀರು ಮೈದಾದೊಂದಿಗೆ ಸೇರಿದರೆ ಜಿಗುಟು ಬರುತ್ತದೆ, ಬಾಯಲ್ಲಿ ಕರಗುವ ಗುಣ ಹೋಗುತ್ತದೆ. ಗಟ್ಟಿ ತುಪ್ಪಕ್ಕೆ ಪುಡಿ ಸಕ್ಕರೆ ಹಾಕಿ, ಹಳದಿ ಬಣ್ಣ ಹೋಗಿ ಹೊಸ ಬೆಣ್ಣೆಯಂತೆ ಬೆಳ್ಳಗಾಗುವವರೆಗೆ ಅಂಗೈಯಿಂದ ಉಜ್ಜಿರಿ. ಮೈದಾ, ಅದರ ಐದನೇ ಒಂದು ಭಾಗದಷ್ಟು ಕಡಲೆಹಿಟ್ಟು, ಒಂದಿಷ್ಟು ಏಲಕ್ಕಿ ಸೇರಿಸಿ ಹಿಟ್ಟನ್ನು ಒಟ್ಟುಗೂಡಿಸಿದರೆ ಸಾಕು, ನಾದಬೇಡಿ. 160 ಡಿಗ್ರಿಯಲ್ಲಿ ಹದಿನೆಂಟು ನಿಮಿಷಕ್ಕೆ ಮೇಲ್ಭಾಗ ಒಣಗಿದ ಕೆರೆಯ ಹಾಗೆ ಬಿರಿಯುತ್ತದೆ. ಆಗ ಮುಟ್ಟಿದರೆ ಇನ್ನೂ ಮೆತ್ತಗಿರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ, ತಣಿದ ಮೇಲೆ ತಾನೇ ಗಟ್ಟಿಯಾಗುತ್ತದೆ. ಪುಣೆಯವರು ಮೆಚ್ಚಿದಾಗ ಹೇಳುವ ಮಾತು 'ಖುಸಖುಶೀತ್', ಅಂದರೆ ಗರಿಗರಿಯಾಗಿ ಬಾಯಲ್ಲಿ ಪುಡಿಯಾಗುವಂಥದ್ದು. ಆ ಮಾತು ಕೇಳಿದ ದಿನ ನನಗೆ ದಣಿವೇ ಗೊತ್ತಾಗುವುದಿಲ್ಲ.

ಚಾಕೊಲೇಟ್ ಕುಕೀ ಹೇಗೂ ಹೋಗುತ್ತದೆ. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ, ಕೋಕೋ ಪುಡಿ ಮಾತ್ರ ಒಳ್ಳೆಯದು ಕೊಳ್ಳಿ.

ರಾಗಿ-ಬೆಲ್ಲದ ಕುಕೀಯನ್ನೂ ಬರೆದಿದ್ದೀರಿ. ನನಗೂ ಅದರ ಮೇಲೆ ಬಹಳ ಪ್ರೀತಿ. ಆದರೆ ಅದನ್ನು ದೀಪಾವಳಿಯ ನಂತರ ಆರಂಭಿಸಿ. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಒಂದು ಜುಲೈ ತಿಂಗಳಲ್ಲಿ ನಾನು ನಲವತ್ತು ಡಬ್ಬಿ ಕಳುಹಿಸಿ, ಎಲ್ಲವೂ ಮೆತ್ತಗಾಗಿ, ಅಷ್ಟಕ್ಕೂ ಹಣ ಹಿಂತಿರುಗಿಸಿದ್ದೇನೆ. ರಾಗಿಯಲ್ಲಿ ಗ್ಲುಟೆನ್ ಇಲ್ಲದ್ದರಿಂದ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ, ಅರ್ಧದಷ್ಟು ಗೋಧಿಹಿಟ್ಟು ಬೆರೆಸಿ.

ಮಾರಾಟಕ್ಕೆ ಮೊದಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಮನೆಯಿಂದ ಮಾರುವವರಿಗೂ ಅದು ಕಡ್ಡಾಯ. ಮೊದಲ ಡಬ್ಬಿಗಳನ್ನು ನಿಮ್ಮ ಕಟ್ಟಡದಲ್ಲೇ ಕೊಡಿ, ನಾಲ್ಕನೇ ದಿನ ಹೋಗಿ ಉಳಿದವುಗಳಲ್ಲಿ ಒಂದನ್ನು ಮುರಿದು ನೋಡಿ. ಟಕ್ಕೆಂದು ಮುರಿದರೆ ಆ ಹದವನ್ನು ಬದಲಿಸಬೇಡಿ.