ಮಧುಮೇಹವಿರುವ ಮಗುವಿನ ಮೈಯಲ್ಲಿ ದದ್ದು ಎದ್ದರೆ, ಎಲ್ಲಿ ಎದ್ದಿದೆ ಎಂದು ಮೊದಲು ನೋಡಿ

ಶಿರಸಿಯಲ್ಲಿರುವ ನಿಮ್ಮ ಒಂಬತ್ತು ವರ್ಷದ ಮಗನಿಗೆ ಟೈಪ್ 1 ಮಧುಮೇಹವಿದ್ದು, ಮಳೆ ಹಿಡಿದಾಗಿನಿಂದ ತೊಡೆಸಂದಿನಲ್ಲಿ ತುರಿಕೆಯೂ ತೋಳಿಗೆ ಸಕ್ಕರೆ ಅಳೆಯುವ ಸೆನ್ಸರ್ ಅಂಟಿಸಿದಲ್ಲಿ ಕೆಂಪು ದದ್ದೂ ಕಾಣಿಸಿಕೊಂಡಿವೆ, ಇವೆರಡೂ ಸಕ್ಕರೆ ಏರಿದ್ದರಿಂದಲೇ ಆದವೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ; ಕುಮಟೆಯಲ್ಲಿ ಆರು ವರ್ಷಗಳಿಂದ ಇದೇ ಕಾಯಿಲೆಯಿರುವ ಮಗಳನ್ನು ನೋಡಿಕೊಳ್ಳುತ್ತಿರುವ ತಾಯಿ. ಎರಡನ್ನೂ ಒಂದೇ ಲೆಕ್ಕಕ್ಕೆ ಬರೆಯಬೇಡಿ ಎಂಬುದು ನನ್ನ ಮೊದಲ ಮಾತು.

ಅಂಟು ತಗುಲಿದಷ್ಟೇ ಜಾಗ, ಗೆರೆ ಎಳೆದ ಹಾಗೆ ಕೆಂಪಾಗಿದ್ದರೆ ಅದು ಬಹುಮಟ್ಟಿಗೆ ಅಂಟಿನ ಕೆಲಸ. ಕೆಲವು ಸೆನ್ಸರುಗಳಲ್ಲಿ ಬಳಸಿರುವ ಐಸೊಬೋರ್ನೈಲ್ ಅಕ್ರಿಲೇಟ್ ಎಂಬ ರಾಸಾಯನಿಕ ಕೆಲವು ಮಕ್ಕಳ ಚರ್ಮಕ್ಕೆ ಒಗ್ಗುವುದಿಲ್ಲ. ಬರೀ ಬೆವರಿನ ಉರಿಯಾದರೆ ಜಾಗ ಬದಲಿಸಿ, ಚರ್ಮ ಪೂರ್ತಿ ಒಣಗಿದ ಮೇಲೆ ಅಂಟಿಸಿದರೆ ತಗ್ಗುತ್ತದೆ. ನೀರುಗುಳ್ಳೆ ಎದ್ದರೆ ಮಾತ್ರ ಸೆನ್ಸರ್ ತೆಗೆದು, ವೈದ್ಯರಿಗೆ ತೋರಿಸುವವರೆಗೆ ಬೆರಳು ಚುಚ್ಚಿಯೇ ಸಕ್ಕರೆ ನೋಡುವುದು ಒಳ್ಳೆಯದು. ತೆಗೆಯುವಾಗ ಅಂಚಿಗೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟರೆ ಚರ್ಮ ಕಿತ್ತುಬರುವುದಿಲ್ಲ, ಆದರೆ ಅಂಟಿಸುವ ದಿನ ಎಣ್ಣೆಸ್ನಾನ ಬೇಡ.

ತೊಡೆಸಂದಿನ ತುರಿಕೆಯಲ್ಲಿ ಸಕ್ಕರೆಯ ಪಾಲು ಇರಬಹುದು. ಸಕ್ಕರೆ ಹೆಚ್ಚೇ ಇದ್ದರೆ ಶಿಲೀಂಧ್ರ ಸುಲಭವಾಗಿ ಬೇರೂರುತ್ತದೆ, ಜೊತೆಗೆ ನಮ್ಮ ಕಡೆಯ ಮಳೆಗಾಲದಲ್ಲಿ ಒಳಉಡುಪು ಬಚ್ಚಲ ಒಲೆಯ ಮೇಲೆ ಕಟ್ಟಿದರೂ ಅರೆ ಒಣಗಿಯೇ ಇರುತ್ತದೆ. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಮಗಳ ಸೊಂಟದಲ್ಲಿ ಎದ್ದ ಹುಳುಕಡ್ಡಿಗೆ ಔಷಧಿ ಅಂಗಡಿಯವರು ಕೊಟ್ಟ ಕ್ರೀಮನ್ನು ಹಚ್ಚಿದೆ. ಮೂರೇ ದಿನದಲ್ಲಿ ತುರಿಕೆ ನಿಂತಿತು, ಎರಡು ವಾರದಲ್ಲಿ ಅಂಗೈಯಗಲ ಹರಡಿತು. ಕಾರವಾರದ ಚರ್ಮವೈದ್ಯರು ಬ್ಲೇಡಿನ ಅಂಚಿನಿಂದ ಹೊಟ್ಟು ಕೆರೆದು, ಗಾಜಿನ ಮೇಲೆ ಒಂದು ಹನಿ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ ಶಿಲೀಂಧ್ರವೆಂದರು. ಆ ಟ್ಯೂಬಿನಲ್ಲಿ ಕ್ಲೋಬೆಟಾಸಾಲ್ ಎಂಬ ತೀವ್ರ ಸ್ಟೀರಾಯ್ಡ್ ಬೆರೆತಿತ್ತು. ಅದು ತುರಿಕೆಯನ್ನು ಮುಚ್ಚಿಟ್ಟು ಸೋಂಕನ್ನು ಬೆಳೆಸುತ್ತದೆ, ಅಲ್ಲದೆ ಹೆಚ್ಚು ಜಾಗಕ್ಕೆ ಹಲವು ದಿನ ಹಚ್ಚಿದರೆ ರಕ್ತದ ಸಕ್ಕರೆಯನ್ನೂ ಏರಿಸಬಲ್ಲದು.

ನೀವು ಕೇಳದ ಒಂದು ವಿಷಯ ನನಗೆ ಇವೆರಡಕ್ಕಿಂತ ಮುಖ್ಯವೆನಿಸುತ್ತದೆ. ಸ್ನಾನ ಮಾಡಿಸುವಾಗ ಸೋಪಿನ ಕೈಯನ್ನು ಇನ್ಸುಲಿನ್ ಚುಚ್ಚುವ ಜಾಗಗಳ ಮೇಲೆ ಮೆಲ್ಲಗೆ ಆಡಿಸಿ ನೋಡಿ. ನನ್ನ ಮಗಳ ಹೊಕ್ಕುಳಿನ ಎಡಕ್ಕೆ, ಕಣ್ಣಿಗೆ ಕಾಣದ, ಕೈಗೆ ರಬ್ಬರಿನಂತೆ ಸಿಗುವ ಗಂಟು ಇತ್ತು. ಅಲ್ಲಿ ಚುಚ್ಚಿದರೆ ನೋವಾಗುವುದಿಲ್ಲವೆಂದು ಅವಳು ದಿನವೂ ಅದೇ ಜಾಗ ಕೇಳುತ್ತಿದ್ದಳು. ಸಕ್ಕರೆ ಒಂದು ದಿನ 280, ಮರುದಿನ 60 ಬರುತ್ತಿದ್ದುದರ ಕಾರಣ ಊಟದಲ್ಲಿ ಹುಡುಕುತ್ತಿದ್ದ ನಮಗೆ ಉತ್ತರ ಸಿಕ್ಕಿದ್ದು ಆ ಗಂಟಿನಲ್ಲಿ, ಏಕೆಂದರೆ ಒಂದೇ ಕಡೆ ಚುಚ್ಚಿ ಚುಚ್ಚಿ ಗಂಟುಕಟ್ಟಿದ ಕೊಬ್ಬಿನೊಳಗಿಂದ ಇನ್ಸುಲಿನ್ ಒಂದೇ ಸಮನೆ ಹೀರಿಕೆಯಾಗುವುದಿಲ್ಲ. ಪ್ರತಿ ಸಲ ಹಿಂದಿನ ಚುಚ್ಚಿನಿಂದ ಬೆರಳಗಲ ದೂರ ಸರಿಯಬೇಕು, ಸೂಜಿ ಹೊಸದಾಗಿರಬೇಕು. ಆದರೆ ಗಂಟು ಬಿಟ್ಟು ಒಳ್ಳೆಯ ಚರ್ಮಕ್ಕೆ ಬರುವ ಮುನ್ನ ವೈದ್ಯರನ್ನು ಕೇಳಿ. ಅಷ್ಟೇ ಡೋಸ್ ಪೂರ್ತಿಯಾಗಿ ಹೀರಿಕೆಯಾಗಿ ಸಕ್ಕರೆ ಕುಸಿಯಬಹುದು, ನಮ್ಮಲ್ಲಿ ಡೋಸ್ ಇಳಿಸಿದರು.

ಕುತ್ತಿಗೆಯ ಹಿಂದೆ ಮಖಮಲ್ಲಿನಂಥ ಕಪ್ಪು ಕಲೆ ಇದ್ದರೆ, ಅದು ಇನ್ಸುಲಿನ್ ಪ್ರತಿರೋಧದ, ಅಂದರೆ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದರ ಗುರುತು; ಹೆಚ್ಚಾಗಿ ಟೈಪ್ 2ರ ಮಕ್ಕಳಲ್ಲಿ ಕಾಣುವಂಥದ್ದು. ಕುರು ಎದ್ದು ಜ್ವರ ಬಂದರೆ, ಕೆಂಪು ಹರಡುತ್ತಿದ್ದರೆ, ಅಥವಾ ಸಕ್ಕರೆ ಇಳಿಯದೆ ವಾಂತಿ ಶುರುವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಊಟ ಬಿಟ್ಟನೆಂದು ಇನ್ಸುಲಿನ್ ನಿಲ್ಲಿಸಬೇಡಿ.

ಚರ್ಮವೈದ್ಯರಲ್ಲಿಗೆ ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬನ್ನೂ ಹದಿನೈದು ದಿನದ ಸಕ್ಕರೆಯ ಪಟ್ಟಿಯನ್ನೂ ಒಯ್ಯಿರಿ. ಹೆಸರು ಮರೆತು "ಬಿಳಿ ಬಣ್ಣದ ಮುಲಾಮು" ಎಂದಷ್ಟೇ ಹೇಳಿ ನಾನು ಅಂದು ಬೈಸಿಕೊಂಡಿದ್ದೆ.